ಕತ್ತಿಗೆ ಮೊದಲು ಸೂಜಿ: ಅಬುಲ್ ಖಾಸಿಂ ಅಝ್ಝಹ್ರಾವಿ

ಕುತ್ತಿಗೆಯಲ್ಲೋ ಎದೆಯಲ್ಲೋ ಗಂಟು ಕಂಡರೆ ಡಾಕ್ಟರು ಹೆಚ್ಚಾಗಿ ಸೂಜಿ ಪರೀಕ್ಷೆ ಬರೆದುಕೊಡುತ್ತಾರೆ. ಗಂಟಿನೊಳಗೆ ಏನುಂಟು ಎಂದು ಸೂಜಿ ಹಾಕಿ ನೋಡಿ, ಆಮೇಲೆ ಕತ್ತಿ ಹಿಡಿಯಬೇಕು ಎಂಬುದನ್ನು ಸಾವಿರ ವರ್ಷ ಹಿಂದೆಯೇ ಕಿತಾಬಿನಲ್ಲಿ ಬರೆದಿಟ್ಟವರು ಅಂದಲುಸಿನ ಮುಸ್ಲಿಂ ಹಕೀಮರೊಬ್ಬರು.

ಅವರ ಹೆಸರು ಅಬುಲ್ ಖಾಸಿಂ ಖಲಫ್ ಇಬ್ನ್ ಅಬ್ಬಾಸ್ ಅಝ್ಝಹ್ರಾವಿ. ಯುರೋಪಿನವರ ಬಾಯಲ್ಲಿ ಅಬುಲ್ಕಾಸಿಸ್. ಇಂದಿನ ಸ್ಪೇನ್ ದೇಶದ ಕುರ್ತುಬಾ ಪಕ್ಕ ಖಲೀಫಾ ಮೂರನೇ ಅಬ್ದುರ್ರಹ್ಮಾನ್ 936ರಲ್ಲಿ ಕಟ್ಟಲು ಶುರುಮಾಡಿದ ಮದೀನತುಝ್ಝಹ್ರಾ ಅವರ ಊರು. ಜನನವೂ ಸುಮಾರು ಅದೇ ಕಾಲದ್ದು. ಮನೆತನ ಮದೀನಾದ ಅನ್ಸಾರಿಗಳದ್ದು. ಖಲೀಫಾ ಎರಡನೇ ಹಕಮ್ ಅವರ ಆಸ್ಥಾನದಲ್ಲಿ ವೈದ್ಯರಾಗಿದ್ದರು.

ಜೀವಮಾನದ ಅನುಭವವನ್ನೆಲ್ಲ ಸೇರಿಸಿ ಕ್ರಿ.ಶ. 1000ದ ಹೊತ್ತಿಗೆ ಅವರು ಮುಗಿಸಿದ ಗ್ರಂಥವೇ ಅತ್ತಸ್ರೀಫ್. ಒಟ್ಟು 30 ಭಾಗ. ಕೊನೆಯದು ಶಸ್ತ್ರಚಿಕಿತ್ಸೆಗೆ ಮೀಸಲು. ಅದರಲ್ಲಿ ಸುಮಾರು 200 ಸಲಕರಣೆಗಳ ಚಿತ್ರಗಳುಂಟು. ಶಿಷ್ಯರನ್ನು ಮಕ್ಕಳೇ ಅಂತ ಕರೆದು ಕಲಿಸುವ ಉಸ್ತಾದರ ಧಾಟಿ ಅವರದು.

ಆ ಭಾಗದ ಆರಂಭದಲ್ಲೇ ಒಂದು ಎಚ್ಚರಿಕೆ ಉಂಟು. ದೇಹದ ಒಳರಚನೆ ತಿಳಿಯದ ಒಬ್ಬ ವೈದ್ಯ ಹೆಂಗಸೊಬ್ಬಳ ಕುತ್ತಿಗೆಯ ಗಂಟನ್ನು ಕೊಯ್ಯಲು ಹೋಗಿ ರಕ್ತನಾಳ ಕಡಿದುಬಿಟ್ಟ. ಆಕೆ ರಕ್ತ ಸುರಿದು ಅಲ್ಲೇ ತೀರಿಕೊಂಡಳು. ಝಹ್ರಾವಿ ಇದನ್ನು ಕಣ್ಣಾರೆ ಕಂಡವರು. ಹಾಗಾಗಿ ಗಳಗಂಡದ ಅಧ್ಯಾಯದಲ್ಲಿ ಅವರು, ಕೆಲವು ಗಂಟು ಕೊಬ್ಬಿನದ್ದು, ಕೆಲವು ರಕ್ತನಾಳದ್ದು, ಎರಡನೆಯದಕ್ಕೆ ಕತ್ತಿ ಹಾಕಿದರೆ ಪ್ರಾಣಕ್ಕೇ ಅಪಾಯ, ಅದಕ್ಕೆ ಮೊದಲು ಚುಚ್ಚುಗೋಲಿನಿಂದ ಒಳಗೆ ಪರೀಕ್ಷಿಸಿ ನೋಡಿ ಎಂದು ಕಲಿಸಿದರು.

ಸುಮಾರು 1013ರಲ್ಲಿ ಅವರು ವಫಾತಾದರು. ಅಷ್ಟರೊಳಗೆ ಅಂತಃಕಲಹದಲ್ಲಿ ಅವರ ಊರೂ ಹಾಳಾಗಿತ್ತು. ಆದರೆ ಕಿತಾಬ್ ಉಳಿಯಿತು. 12ನೇ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡ್ ತುಲೈತುಲಾದಲ್ಲಿ ಅದನ್ನು ಲ್ಯಾಟಿನ್‌ಗೆ ತಂದರು. ಯುರೋಪಿನ ವೈದ್ಯರು ಶತಮಾನಗಳ ಕಾಲ ಅದನ್ನು ಓದಿದರು. 1930ರಲ್ಲಿ ನ್ಯೂಯಾರ್ಕಿನ ಮಾರ್ಟಿನ್ ಮತ್ತು ಎಲ್ಲಿಸ್ ಸೂಜಿಯಿಂದ ಗಡ್ಡೆಯ ಕಣ ಹೀರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವನ್ನು ಪ್ರಕಟಿಸಿದರು.

ಈಗ ಎರಡು ಬಗೆಯ ಪರೀಕ್ಷೆ ಉಂಟು. ಎಫ್‌ಎನ್‌ಎಸಿಗೆ ಇಂಜೆಕ್ಷನ್ ಸೂಜಿಯಷ್ಟೇ ಸಪೂರದ ಸೂಜಿ ಸಾಕು. ಹೀರಿದ ಕಣಗಳನ್ನು ಗಾಜಿನ ಮೇಲೆ ಹಚ್ಚಿ, ಬಣ್ಣ ಹಾಕಿ ನೋಡುತ್ತಾರೆ. ಟ್ರೂಕಟ್ ಅಂದರೆ ಸ್ವಲ್ಪ ದಪ್ಪ ಸೂಜಿ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಮದ್ದು ಕೊಟ್ಟು, ನೂಲಿನಂಥ ಮಾಂಸದ ಎಳೆ ತೆಗೆಯುತ್ತಾರೆ. ಗಂಟು ಟಿ.ಬಿ.ಯದ್ದೋ, ಬರೀ ನೀರಿನದ್ದೋ, ಕ್ಯಾನ್ಸರೋ ಅಂತ ತಿಳಿಯಲು ಇದರಿಂದ ದಾರಿಯಾಗುತ್ತದೆ. ಎಷ್ಟೋ ಸಲ ಆಪರೇಷನ್ನೇ ಬೇಡವಾಗುತ್ತದೆ.

ಗಳಗಂಡ ಹೆಚ್ಚಾಗಿ ಹೆಂಗಸರಿಗೆ ಬರುತ್ತದೆ ಅಂತ ಝಹ್ರಾವಿ ಅಂದೇ ಬರೆದಿದ್ದರು. ಬೆಳಗಾವಿ, ಖಾನಾಪುರ ಕಡೆ ಇರುವ ನಮಗೆ ಇದು ದೂರದ ಮಾತಲ್ಲ. ಜೋರು ಮಳೆಗೆ ಮಣ್ಣಿನ ಅಯೋಡಿನ್ ಕೊಚ್ಚಿಹೋಗುವ ಘಟ್ಟದ ಸೀಮೆಗಳಲ್ಲಿ ಈ ಕಾಯಿಲೆ ಹಳೆಯದು. ಖಾನಾಪುರದಿಂದ ಬಸ್ ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಬೆಳಗಾವಿ. ಅಲ್ಲಿ ಬಿಮ್ಸ್ ಜಿಲ್ಲಾಸ್ಪತ್ರೆಯೂ ಉಂಟು, ಕೆಎಲ್‌ಇ ಆಸ್ಪತ್ರೆಯೂ ಉಂಟು. ಆದರೂ ಸೂಜಿ ಚುಚ್ಚಿದರೆ ಗಂಟು ಕೆರಳುತ್ತದೆ, ಕ್ಯಾನ್ಸರ್ ಹರಡುತ್ತದೆ ಅಂತ ಹೆದರಿ ಮನೆಯಲ್ಲೇ ಕೂರುವವರು ನಮ್ಮಲ್ಲಿದ್ದಾರೆ. ಸೂಜಿಯಿಂದ ಹಾಗಾಗುವುದು ತೀರಾ ಅಪರೂಪ. ತಡಮಾಡುವುದರಿಂದ ಆಗುವ ಹಾನಿಯೇ ದೊಡ್ಡದು. ಎದೆಯ ಗಂಟುಗಳಲ್ಲೂ ಹೆಚ್ಚಿನವು ಕ್ಯಾನ್ಸರ್ ಅಲ್ಲ.

ನಾಚಿಕೆಯಿಂದ ಗಂಟು ಮುಚ್ಚಿಡುವ ಉಮ್ಮಂದಿರು, ತಂಗಿಯಂದಿರು ಲೇಡಿ ಡಾಕ್ಟರನ್ನು ಕೇಳಬಹುದು. ಸಿಗದಿದ್ದರೆ, ಅನಿವಾರ್ಯ ಚಿಕಿತ್ಸೆಗೆ ಅಗತ್ಯವಿದ್ದಷ್ಟು ಮಟ್ಟಿಗೆ ದೀನಿನಲ್ಲಿ ರಿಯಾಯಿತಿ ಉಂಟು. ಮನೆಯ ಗಂಡಸರು ಇದನ್ನು ತಿಳಿದು ತಾವೇ ಮುಂದೆ ನಿಂತು ಕರಕೊಂಡು ಹೋಗಬೇಕು.

ಅಲ್ಲಾಹನು ಝಹ್ರಾವಿಯವರ ಇಲ್ಮಿನ ಸೇವೆಯನ್ನು ಸ್ವೀಕರಿಸಲಿ, ನಮ್ಮ ರೋಗಿಗಳಿಗೆ ಶಿಫಾ ನೀಡಲಿ. ಆಮೀನ್.