ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಕೋಲಾರದ ಚಿನ್ನ

ಬಂಗಾರಪೇಟೆಯಲ್ಲಿ ಕವಲೊಡೆದ ರೈಲುಹಳಿ ಕೋರಮಂಡಲ, ಉರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ದಾಟಿ ಮಾರಿಕುಪ್ಪಂನಲ್ಲಿ ಕೊನೆಗಾಣುತ್ತದೆ. ಸುತ್ತಲೂ ಗಣಿಯಿಂದ ಎತ್ತಿ, ಅರೆದು, ಚಿನ್ನ ತೆಗೆದು ಚೆಲ್ಲಿದ ಮಣ್ಣಿನ ಬೂದುಬಣ್ಣದ ದಿಬ್ಬಗಳು. ವಿದ್ಯಾರ್ಥಿಗಳೊಡನೆ ಒಮ್ಮೆ ಅಲ್ಲಿಗೆ ಹೋಗಿದ್ದಾಗ ಒಬ್ಬ ಹುಡುಗ ಆ ದಿಬ್ಬಗಳನ್ನು ತೋರಿಸಿ, ಚಿನ್ನವೆಲ್ಲ ಲಂಡನ್ನಿಗೆ ಹೋಗಿ ನಮಗೆ ಮಣ್ಣು ಮಾತ್ರ ಉಳಿಯಿತಲ್ಲ, ಆಗ ಮೈಸೂರನ್ನು ಆಳುತ್ತಿದ್ದವರು ಏನು ಮಾಡುತ್ತಿದ್ದರು ಎಂದು ಕೇಳಿದ. ಕನ್ನಡ ಪಾಠ ಹೇಳುವ ನನ್ನಲ್ಲಿ ಅದಕ್ಕೆ ಸಿದ್ಧವಾದ ಉತ್ತರವಿರಲಿಲ್ಲ. ಉತ್ತರವನ್ನು ಅರಸುತ್ತ ಹೋದಾಗ ನನಗೆ ಎದುರಾದವರು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು.

ಪಾಲಕ್ಕಾಡಿನ ಕಡೆಯ ಮನೆತನವೊಂದರಲ್ಲಿ 1845ರಲ್ಲಿ ಹುಟ್ಟಿದ ಇವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1868ರಲ್ಲಿ ಮೈಸೂರಿನ ಸೇವೆಗೆ ಬಂದರು. 1883ರಲ್ಲಿ ದಿವಾನ್ ರಂಗಾಚಾರ್ಲು ಅವರು ತೀರಿಕೊಂಡ ಮೇಲೆ, ಇನ್ನೂ ನಲವತ್ತು ತುಂಬದ ಶೇಷಾದ್ರಿ ಅಯ್ಯರ್ ಅವರ ಹೆಗಲಿಗೆ ಸಂಸ್ಥಾನದ ಭಾರ ಬಿತ್ತು. ಅದು ಸಾಮಾನ್ಯವಾದ ಭಾರವಲ್ಲ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತು, ಸಂಸ್ಥಾನವು ಬ್ರಿಟಿಷ್ ಸರ್ಕಾರಕ್ಕೆ 80 ಲಕ್ಷ ರೂಪಾಯಿಯ ಸಾಲಗಾರನಾಗಿತ್ತು. ಅದಲ್ಲದೆ ವರ್ಷಂಪ್ರತಿ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಯ ಪೊಗದಿಯನ್ನು ಸಲ್ಲಿಸಬೇಕಾಗಿತ್ತು. ಅದನ್ನು 35 ಲಕ್ಷಕ್ಕೆ ಏರಿಸುವ ಷರತ್ತು ತಲೆಯ ಮೇಲೆ ತೂಗುತ್ತಲೇ ಇತ್ತು. 1896ರಲ್ಲಿ ಅದು ಜಾರಿಗೆ ಬಂದೂ ಬಂತು.

ಕೋಲಾರದ ಚಿನ್ನದ ಒಪ್ಪಂದವೂ ಅವರು ಬರೆದುದಲ್ಲ. ಲವೆಲ್ ಎಂಬ ಐರಿಷ್ ಸೈನಿಕನಿಗೆ 1875ರಲ್ಲಿಯೇ ಗಣಿಯ ಹಕ್ಕು ದೊರೆತಿತ್ತು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆ ಈ ಕಾರ್ಯಕ್ಕೆ ಕೈಹಾಕಿತು. ಷೇರುದಾರರು ಲಂಡನ್ನಿನವರು, ಲಾಭಾಂಶವೂ ಅಲ್ಲಿಗೇ. ನೆಲದೊಡೆಯನಾದ ಮೈಸೂರಿಗೆ ಉತ್ಪತ್ತಿಯ ಬೆಲೆಯಲ್ಲಿ ನೂರಕ್ಕೆ 5ರಂತೆ ರಾಜಧನ ಮಾತ್ರ ಸಲ್ಲುತ್ತಿತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮವುಂಟು. ಆಗಿನ ರೂಪಾಯಿ ಬೆಳ್ಳಿಯದು, ಇಂಗ್ಲೆಂಡಿನ ಪೌಂಡು ಚಿನ್ನದ್ದು. 1870ರ ಸುಮಾರಿಗೆ ಒಂದು ರೂಪಾಯಿಗೆ ಹತ್ತಿರ ಹತ್ತಿರ ಎರಡು ಷಿಲಿಂಗು ಸಿಗುತ್ತಿತ್ತು. ಲೋಕದ ಪೇಟೆಯಲ್ಲಿ ಬೆಳ್ಳಿ ಅಗ್ಗವಾಗುತ್ತ ಹೋದಂತೆ, 1893ರಲ್ಲಿ ಇಂಡಿಯಾ ಸರ್ಕಾರ ಟಂಕಸಾಲೆಗಳಲ್ಲಿ ಬೆಳ್ಳಿಯ ಮುಕ್ತ ನಾಣ್ಯಮುದ್ರಣವನ್ನು ನಿಲ್ಲಿಸುವ ವೇಳೆಗೆ, ಅದು ಒಂದು ಷಿಲಿಂಗು ಮೂರು ಪೆನ್ನಿಯ ಮಟ್ಟಕ್ಕೆ ಇಳಿದಿತ್ತು. ಗಣಿಯ ಕಂಪೆನಿಗೆ ಇದರಿಂದ ಅನುಕೂಲವೇ ಆಯಿತು. ಕೂಲಿ ಕೊಡುವುದು ಬೆಳ್ಳಿಯಲ್ಲಿ, ಸರಕು ಮಾರುವುದು ಚಿನ್ನದ ಲೆಕ್ಕದಲ್ಲಿ. ತಮಿಳು, ತೆಲುಗು ಸೀಮೆಗಳಿಂದ ಬಂದು ಕತ್ತಲೆಯ ಸುರಂಗಕ್ಕೆ ಇಳಿಯುತ್ತಿದ್ದ ಕೂಲಿಗಾರನಿಗೆ ಈ ಲೆಕ್ಕ ತಿಳಿದಿರಲಾರದು. ಆದರೆ ಅದರ ಪರಿಣಾಮ ಅವನ ಬೆವರಿನ ಬೆಲೆಯ ಮೇಲೆಯೇ ಆಗಿತ್ತು. ಮೈಸೂರಿಗೂ ಪೆಟ್ಟು ತಪ್ಪಲಿಲ್ಲ. ರೈಲುಮಾರ್ಗಕ್ಕಾಗಿ ಲಂಡನ್ನಿನಲ್ಲಿ ಎತ್ತಿದ ಸಾಲಕ್ಕೆ ಪೌಂಡಿನಲ್ಲಿ ಬಡ್ಡಿ ಕಟ್ಟಬೇಕು, ರೈತ ತೆರುವ ಕಂದಾಯವೋ ರೂಪಾಯಿಯಲ್ಲಿ.

ಇಂತಹ ಇಕ್ಕಟ್ಟಿನಲ್ಲಿ ಶೇಷಾದ್ರಿ ಅಯ್ಯರ್ ಅವರು ಹಿಡಿದ ದಾರಿ ಯಾವುದು? ಹಾಸಿಗೆಯಿದ್ದಷ್ಟೇ ಕಾಲು ಚಾಚಬೇಕೆಂಬ ಗಾದೆಯನ್ನು ಅವರು ಅರಿಯದವರಲ್ಲ. ಆದರೆ ಹಾಸಿಗೆಯನ್ನೇ ಹಿಗ್ಗಿಸಿಕೊಳ್ಳುವ ಹಂಬಲ ಅವರದು. 1894ರಲ್ಲಿ ಬಂಗಾರಪೇಟೆಯಿಂದ, ಅಂದಿನ ಹೆಸರಿನಲ್ಲಿ ಬೌರಿಂಗ್‌ಪೇಟೆಯಿಂದ, ಮಾರಿಕುಪ್ಪಂವರೆಗೆ ಹತ್ತು ಮೈಲಿಯ ಹಳಿ ತೆರೆಯಿತು. ಅದೇ ವರ್ಷ ಸಂಸ್ಥಾನದ ಭೂವಿಜ್ಞಾನ ಇಲಾಖೆಯೂ ಹುಟ್ಟಿತು. ನೆಲದಡಿಯಲ್ಲಿ ಏನಿದೆಯೆಂಬುದನ್ನು ಪರರಿಂದ ಕೇಳಿ ತಿಳಿಯುವ ಬದಲು ನಾವೇ ಅರಿಯುವುದಕ್ಕೆ ಅದು ಮೊದಲ ಹೆಜ್ಜೆ.

ಅವರ ಹಿರಿಯ ಕಾರ್ಯವೆಂದರೆ ಶಿವನಸಮುದ್ರದ ವಿದ್ಯುತ್ತು. ಗಣಿಗಳು ಸೌದೆಯನ್ನೂ ಕಲ್ಲಿದ್ದಲನ್ನೂ ಉರಿಸಿ ಯಂತ್ರ ನಡೆಸುತ್ತಿದ್ದವು. ಅವಕ್ಕೆ ಕಾವೇರಿಯ ಬಲವನ್ನು ಮಾರಬಹುದೆಂಬ ಯೋಜನೆಯನ್ನು ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಮುಂದಿಟ್ಟಾಗ ದಿವಾನರು ಅದರ ಬೆನ್ನಿಗೆ ನಿಂತರು. ವಿದ್ಯುತ್ ಯಂತ್ರಗಳು ಅಮೆರಿಕದಿಂದಲೂ ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನಿಂದಲೂ ಬಂದವು. ಹಣ ಮೈಸೂರಿನದು, ಒಡೆತನವೂ ಮೈಸೂರಿನದು. ಚಿನ್ನವನ್ನು ಕೊಂಡೊಯ್ಯುವ ಕಂಪೆನಿ ಇನ್ನು ಮುಂದೆ ಸಂಸ್ಥಾನಕ್ಕೆ ಗಿರಾಕಿಯಾಗಿ ಹಣ ಕಟ್ಟಬೇಕಾಯಿತು. 1902ರ ಜೂನ್ 30ರಂದು 92 ಮೈಲಿ ದೂರದ ತಂತಿಯಲ್ಲಿ ವಿದ್ಯುತ್ತು ಗಣಿಗಳನ್ನು ಮುಟ್ಟಿತು. ಆ ಕಾಲದಲ್ಲಿ ಲೋಕದ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಆ ಬೆಳಕು ಬಂತು. ಅದನ್ನು ಕಾಣುವ ಯೋಗ ದಿವಾನರಿಗೆ ಇರಲಿಲ್ಲ. ಹದಿನೆಂಟು ವರ್ಷ ದುಡಿದು ದಣಿದ ಅವರು 1901ರ ಸೆಪ್ಟೆಂಬರ್ 13ರಂದು ಕಣ್ಮುಚ್ಚಿದ್ದರು.

ಅವರಲ್ಲಿ ಕುಂದುಗಳಿರಲಿಲ್ಲವೆಂದು ನಾನು ಹೇಳಲಾರೆ. ಮದರಾಸಿನವರಿಗೇ ಮಣೆ ಹಾಕಿದರೆಂಬ ಅಸಮಾಧಾನ ಮೈಸೂರಿಗರಲ್ಲಿತ್ತು. ಗಣಿಯ ಕೂಲಿಗಾರನ ಬಾಳು ಹಸನಾಗಲೂ ಇಲ್ಲ. ಗಣಿಗಳು ರಾಷ್ಟ್ರದ ಸ್ವತ್ತಾಗಲು 1956ರವರೆಗೆ ಕಾಯಬೇಕಾಯಿತು. ಆ ವೇಳೆಗೆ ಸುಲಭವಾಗಿ ಸಿಗುವ ಚಿನ್ನ ಹೊರಟುಹೋಗಿತ್ತು. 2001ರಲ್ಲಿ ಗಣಿಗಳು ಮುಚ್ಚಿದವು.

ಆ ಹುಡುಗನಿಗೆ ನಾನು ಕಡೆಗೆ ಹೇಳಿದ್ದು ಇಷ್ಟೆ. ಬಡ ನಾಡು ತನ್ನ ಸಂಪತ್ತಿಗೆ ಬೆಲೆ ಕಟ್ಟುವ ಅಧಿಕಾರವನ್ನೇ ಕಳೆದುಕೊಂಡಿದ್ದಾಗ, ಒಬ್ಬ ದಿವಾನ ಚಿನ್ನವನ್ನು ತಡೆಯಲಾರದೆ ಹೋದ. ಆದರೆ ಅದು ಹೋಗುವ ದಾರಿಯಲ್ಲಿ ಬೆಳಕನ್ನೂ ಹಳಿಯನ್ನೂ ನಾಡಿಗೆ ಉಳಿಸಿಕೊಂಡ. ಅದು ಸಾಕಾಯಿತೇ ಎಂದು ಅವನು ಮತ್ತೆ ಕೇಳಿದ. ಸಾಕಾಗಲಿಲ್ಲ ಎಂದೆ. ಅಷ್ಟರಲ್ಲಿ ರೈಲು ಬಂತು. ಗಣಿಯ ಸೇವೆಗೆಂದು ಹಾಕಿದ ಆ ಹಳಿಯ ಮೇಲೆ ಇಂದು ಗಣಿಯವರ ಮಕ್ಕಳು ಮೊಮ್ಮಕ್ಕಳು ನಸುಕಿನಲ್ಲೆದ್ದು ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ, ರಾತ್ರಿ ಅದೇ ರೈಲಿನಲ್ಲಿ ಮರಳುತ್ತಾರೆ.