ದಿ॥ ಅಬ್ದುಲ್ ನಜೀರ್ ಸಾಬ್

ಜೀವನಚರಿತ್ರೆ ಬರೆಯಹೊರಡುವವರು ರಾಜಮಹಾರಾಜರನ್ನೋ, ದಿವಾನರನ್ನೋ, ಕವಿಗಳನ್ನೋ ಆರಿಸಿಕೊಳ್ಳುವುದು ವಾಡಿಕೆ. ಪುರಸಭೆಯ ಸದಸ್ಯರ, ಪಂಚಾಯಿತಿಯ ಸದಸ್ಯರ ಚರಿತ್ರೆಗಾಗಿ ಲೇಖನಿ ಹಿಡಿಯುವವರು ವಿರಳ. ಆದರೆ ಬೀದಿಯ ದೀಪ, ಮನೆಯ ಮುಂದಿನ ಚರಂಡಿ, ಕುಡಿಯುವ ನೀರಿನ ನಲ್ಲಿ, ಸಂತೆಯ ಮೈದಾನ, ಕೊನೆಗೆ ಸ್ಮಶಾನದ ದಾರಿ, ಇವೆಲ್ಲವೂ ತೀರ್ಮಾನವಾಗುವುದು ಅವರ ಸಭೆಗಳಲ್ಲಿಯೇ. ತಿಪಟೂರಿನ ನಗರಸಭೆಯಲ್ಲಾಗಲಿ, ಚಿಕ್ಕನಾಯಕನಹಳ್ಳಿಯ ಪುರಸಭೆಯಲ್ಲಾಗಲಿ, ತುರುವೇಕೆರೆಯ ಪಟ್ಟಣ ಪಂಚಾಯಿತಿಯಲ್ಲಾಗಲಿ ಕುಳಿತು ಊರಿನ ಕೆಲಸ ಮಾಡುವವರನ್ನು ನಾವು ನೀರು ಬಾರದ ದಿನ ಮಾತ್ರ ನೆನೆಯುತ್ತೇವೆ. ಇಂತಹುದೇ ಒಂದು ಸಣ್ಣ ಊರಿನ ಪುರಸಭೆಯಲ್ಲಿ ಸಾರ್ವಜನಿಕ ಜೀವನವನ್ನು ಆರಂಭಿಸಿ, ಮುಂದೆ ನಾಡಿನ ಹಳ್ಳಿಹಳ್ಳಿಗೂ ಒಂದು ಸಣ್ಣ ಸರ್ಕಾರವನ್ನು ಕಟ್ಟಿಕೊಟ್ಟ ಮಹನೀಯರೊಬ್ಬರನ್ನು ಕುರಿತು ಸಹಪಾಠಿಗಳ ಮುಂದೆ ನಾಲ್ಕು ಮಾತು ಹೇಳಬೇಕೆಂಬುದು ನನ್ನ ಆಸೆ. ಅವರೇ ದಿವಂಗತ ಅಬ್ದುಲ್ ನಜೀರ್ ಸಾಬ್.

ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡು ತೊಡಗುವುದಕ್ಕೆ ಮುಂಚೆ ಸಿಗುವ ಊರು ಗುಂಡ್ಲುಪೇಟೆ. ಈಗ ಅದು ಚಾಮರಾಜನಗರ ಜಿಲ್ಲೆಗೆ ಸೇರಿದೆ. ನಜೀರ್ ಸಾಬರ ಕಾಲದಲ್ಲಿ ಮೈಸೂರು ಜಿಲ್ಲೆಗೆ ಸೇರಿತ್ತು. ಮಳೆಯನ್ನೇ ನೆಚ್ಚಿದ ಸೀಮೆ. ಮಳೆ ಹಿಂದುಮುಂದಾದರೆ ಜನಕ್ಕೂ ದನಕ್ಕೂ ನೀರಿನ ಬವಣೆ. ಆ ಊರಿನ ಪುರಸಭೆಯೇ ನಜೀರ್ ಸಾಬರ ಮೊದಲ ಪಾಠಶಾಲೆ. ಪುರಸಭೆಯಲ್ಲಿ ಕುಳಿತವನಿಗೆ ಭಾಷಣದಿಂದ ಬಿಡುಗಡೆಯಿಲ್ಲ. ಕೇರಿಯ ಹೆಂಗಸು ಖಾಲಿ ಕೊಡ ಹಿಡಿದು ಬಾಗಿಲಲ್ಲಿ ನಿಂತರೆ ಕೊಡ ತುಂಬುವ ದಾರಿಯನ್ನು ಹೇಳಲೇಬೇಕು. ಮುಂದೆ ಮಂತ್ರಿಪದವಿಗೆ ಏರಿದಾಗಲೂ ಅವರು ಆ ಬಾಗಿಲನ್ನು ಮರೆಯಲಿಲ್ಲವೆಂಬುದಕ್ಕೆ ಅವರ ಕಾರ್ಯಗಳೇ ಸಾಕ್ಷಿ.

1983ನೆಯ ಇಸವಿಯ ಜನವರಿಯಲ್ಲಿ ಶ್ರೀ ರಾಮಕೃಷ್ಣ ಹೆಗಡೆಯವರು ಕರ್ನಾಟಕದ ಮುಖ್ಯಮಂತ್ರಿಗಳಾದರು. ಅವರ ಮಂತ್ರಿಮಂಡಲದಲ್ಲಿ ನಜೀರ್ ಸಾಬರಿಗೆ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯಿತಿ ರಾಜ್ಯದ ಹೊಣೆ ಬಂದಿತು. ಆ ವರ್ಷಗಳಲ್ಲಿ ನಾಡಿನ ಬಹುಭಾಗ ಬರದಿಂದ ಬೆಂದಿತ್ತು. ನಜೀರ್ ಸಾಬರು ಕೊಳವೆಬಾವಿಗಳನ್ನು ಕೊರೆಯಿಸುವ ಕೆಲಸವನ್ನು ಒಂದು ವ್ರತದಂತೆ ಹಿಡಿದರು. ಗಟ್ಟಿ ಕಲ್ಲಿನ ನೆಲದಲ್ಲಿ ಬಿರುಕು ಹುಡುಕಿ ರಂಧ್ರ ಕೊರೆದು, ಕಬ್ಬಿಣದ ಕೊಳವೆ ಇಳಿಸಿ, ಮೇಲೆ ಒಂದು ಕೈಪಂಪು ಕೂರಿಸುವುದು. ಸುತ್ತ ಒಂದು ಸಿಮೆಂಟಿನ ಕಟ್ಟೆ. ನೋಡುವುದಕ್ಕೆ ಇಷ್ಟೇ. ಆದರೆ ಅದುವರೆಗೆ ಕೆರೆಯ ಬಗ್ಗಡವನ್ನು ಸೋಸಿ ಕುಡಿಯುತ್ತಿದ್ದ ಹಳ್ಳಿಗೆ, ಪರರ ಬಾವಿಯ ಬಳಿ ದೂರ ನಿಂತು ಯಾರಾದರೂ ಸುರಿಯಲೆಂದು ಕಾಯುತ್ತಿದ್ದ ಕೇರಿಗೆ, ಈ ಪಂಪು ಎಂತಹ ವರವೆಂಬುದನ್ನು ಹಿರಿಯರ ಬಾಯಿಂದಲೇ ಕೇಳಬೇಕು. ಜನರು ಪ್ರೀತಿಯಿಂದ ಅವರ ಹೆಸರನ್ನೇ ತಿದ್ದಿದರು. ನಜೀರ್ ಸಾಬರು ನೀರ್ ಸಾಬರಾದರು. ಸರ್ಕಾರ ಕೊಡುವ ಬಿರುದು ಕಾಗದದ ಮೇಲೆ ಉಳಿಯುತ್ತದೆ. ಈ ಬಿರುದು ಜನರ ನಾಲಗೆಯ ಮೇಲೆ ಉಳಿದಿದೆ.

ಅವರನ್ನು ಬಲ್ಲವರು ಬಹುಮಟ್ಟಿಗೆ ಇಲ್ಲಿಗೇ ನಿಲ್ಲುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅವರ ಹಿರಿಮೆ ಇಲ್ಲಿಂದ ಮುಂದಕ್ಕೆ ಇದೆ. ಒಂದು ಊರಿಗೆ ಒಂದು ಕೊಳವೆಬಾವಿ ಮಂಜೂರಾದರೆ ಅದನ್ನು ಎಲ್ಲಿ ಕೊರೆಯಬೇಕು? ಪಟೇಲರ ತೋಟದ ಬೇಲಿಯ ಪಕ್ಕದಲ್ಲೋ, ಕೇರಿಯ ಅಂಚಿನಲ್ಲೋ? ಇದನ್ನು ಹೇಳುವವರು ಯಾರು? ದೂರದ ಕಚೇರಿಯ ಅಧಿಕಾರಿಯೇ, ಶಾಸಕರೇ, ಅಥವಾ ಕೊಡ ಹೊರುವವರೇ? ನೀರನ್ನು ಕೊಟ್ಟರೆ ಸಾಲದು, ನೀರಿನ ಬಗ್ಗೆ ತೀರ್ಮಾನಿಸುವ ಕುರ್ಚಿಯನ್ನೂ ಕೊಡಬೇಕೆಂಬ ತತ್ತ್ವದ ಮೇಲೆ ಅವರ ಎರಡನೆಯ ಕಾರ್ಯ ನಿಂತಿದೆ.

ಆಗ ನಮ್ಮಲ್ಲಿ ಜಾರಿಯಲ್ಲಿದ್ದುದು 1959ನೆಯ ಇಸವಿಯ ಕಾನೂನು. ಅದರಂತೆ ಗ್ರಾಮ ಪಂಚಾಯಿತಿಗಳೂ ತಾಲ್ಲೂಕು ಬೋರ್ಡುಗಳೂ ಇದ್ದುವು. ಜಿಲ್ಲೆಯ ಮಟ್ಟದಲ್ಲಿ ಮಾತ್ರ ಜಿಲ್ಲಾಧಿಕಾರಿಗಳ ನೇತೃತ್ವದ ಪರಿಷತ್ತೇ ಹೊರತು ಜನರಿಂದ ಆರಿಸಿ ಬಂದ ಸಂಸ್ಥೆಯಿರಲಿಲ್ಲ. ಅಶೋಕ ಮೆಹತಾ ಸಮಿತಿ 1978ರಲ್ಲಿ ಕೊಟ್ಟ ವರದಿಯು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ವ್ಯವಸ್ಥೆಯನ್ನು ಸೂಚಿಸಿತ್ತು. ಅದನ್ನು ಆಧಾರವಾಗಿಟ್ಟುಕೊಂಡು 1983ರ ಮಸೂದೆ ಸಿದ್ಧವಾಯಿತು. ಶಾಸನಸಭೆಯ ಒಪ್ಪಿಗೆ ದೊರೆತರೂ ರಾಷ್ಟ್ರಪತಿಗಳ ಅಂಕಿತಕ್ಕೆ 1985ರವರೆಗೆ ಕಾಯಬೇಕಾಯಿತು. ಕೊನೆಗೆ 1987ರ ಜನವರಿಯಲ್ಲಿ ಚುನಾವಣೆ ನಡೆದು, 19 ಜಿಲ್ಲಾ ಪರಿಷತ್ತುಗಳೂ ಸುಮಾರು ಎರಡೂವರೆ ಸಾವಿರ ಮಂಡಲ ಪಂಚಾಯಿತಿಗಳೂ ಅಸ್ತಿತ್ವಕ್ಕೆ ಬಂದುವು.

ಈ ಕಾನೂನಿನ ದಿಟ್ಟತನವನ್ನು ಗಮನಿಸಬೇಕು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ದೊರೆಯಿತು. ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯರಾದ ಅಧಿಕಾರಿ ನೇಮಕವಾದರು. ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಕೃಷಿ ಮುಂತಾದ ಇಲಾಖೆಗಳ ಕೆಲಸವೂ ನೌಕರರೂ ಹಣವೂ ಪರಿಷತ್ತಿನ ವಶಕ್ಕೆ ಬಂದುವು. ಹತ್ತು ಸಾವಿರದಷ್ಟು ಜನಸಂಖ್ಯೆಗೆ ಒಂದು ಮಂಡಲ, ಸುಮಾರು 400 ಜನಕ್ಕೆ ಒಬ್ಬ ಸದಸ್ಯ, ಮಂಡಲಕ್ಕೆ ಒಬ್ಬ ಪ್ರಧಾನ. ಅಧಿಕಾರ ಕೈತಪ್ಪುವುದನ್ನು ಕಂಡು ಹಲವು ಶಾಸಕರೂ ಅಧಿಕಾರಿಗಳೂ ಮುಖ ಸಿಂಡರಿಸಿದುದು ಸಹಜ. ತನ್ನ ಕೈಯಲ್ಲಿರುವ ಅಧಿಕಾರವನ್ನು ತಾನಾಗಿಯೇ ಕೆಳಗಿಳಿಸಿ ಹಂಚುವ ಮಂತ್ರಿ ಎಲ್ಲಿಯೂ ವಿರಳವೇ.

ಎಲ್ಲಕ್ಕಿಂತ ದೊಡ್ಡ ಹೆಜ್ಜೆಯೆಂದರೆ ಸ್ಥಾನಗಳಲ್ಲಿ ಕಾಲುಭಾಗವನ್ನು ಹೆಂಗಸರಿಗೆ ಮೀಸಲಿಟ್ಟುದು. ಇಲ್ಲಿ ನಮ್ಮ ಮನೆಯ ಮಾತನ್ನು ಹೇಳಿದರೆ ಓದುಗರು ಅನ್ಯಥಾ ಭಾವಿಸಬಾರದು. ನಮ್ಮದು ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ. ಪರರ ತೋಟದಲ್ಲಿ ಕಾಯಿ ಸುಲಿದು ಬದುಕಿದ ಮನೆತನ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಮ್ಮ ಅಜ್ಜಿ 1987ರಲ್ಲಿ ಮಂಡಲ ಪಂಚಾಯಿತಿಯ ಸದಸ್ಯೆಯಾದರು. ಮೀಸಲು ಸ್ಥಾನಕ್ಕೆ ಯಾರಾದರೂ ಬೇಕಾಗಿತ್ತು, ಎದುರು ಮಾತನಾಡದ ಹೆಂಗಸೆಂದು ಊರಿನವರು ಅವರನ್ನು ನಿಲ್ಲಿಸಿದರಂತೆ. ಮೊದಲ ವರ್ಷ ಅಜ್ಜಿ ಮಾತನಾಡಲೂ ಇಲ್ಲ; ಹೆಬ್ಬೆಟ್ಟು ಒತ್ತುವುದಕ್ಕೆ ನಾಚಿ, ಅಟ್ಟದ ಮೇಲಿನ ಹಳೆಯ ಸ್ಲೇಟು ಇಳಿಸಿ ರುಜು ಹಾಕುವುದನ್ನು ಕಲಿತರು. ಎರಡನೆಯ ವರ್ಷ ನಮ್ಮೂರಿಗೆ ಒಂದು ಕೊಳವೆಬಾವಿ ಬಂದಿತು. ತೋಟದ ಬಳಿಯೇ ಆಗಲೆಂದು ಹೆಚ್ಚಿನವರು ಹೇಳಿದಾಗ ಅಜ್ಜಿ ಎದ್ದು ನಿಂತರು. ತೋಟದವರಿಗೆ ಆಗಲೇ ಬಾವಿಯುಂಟು, ಕೇರಿಯವರಿಗಿಲ್ಲವೆಂಬುದಷ್ಟೇ ಅವರ ವಾದ. ಅದಕ್ಕೆ ಉತ್ತರ ಕೊಡುವುದು ಯಾರಿಗೂ ಆಗಲಿಲ್ಲ; ಪಂಪು ಕೇರಿಯ ಅಂಚಿಗೆ ಬಂದಿತು. ಅದಾದ ಮೇಲೆ ನಮ್ಮ ಅಜ್ಜಿಯನ್ನು ಯಾರೂ ಎದುರು ಮಾತನಾಡದವರೆಂದು ಎಣಿಸಲಿಲ್ಲ. ಅಬ್ದುಲ್ ನಜೀರ್ ಸಾಬರನ್ನು ಅವರು ಕಣ್ಣಾರೆ ಕಂಡವರಲ್ಲ. ಆದರೂ ಅವರಿಬ್ಬರು ಸೇರಿ ಮಾಡಿದ ಕೆಲಸವೆಂದೇ ನಾನು ಆ ಪಂಪನ್ನು ಎಣಿಸುತ್ತೇನೆ.

ಗುಣವನ್ನು ಹೇಳುವವನು ಕೊರತೆಯನ್ನು ಮುಚ್ಚಿಡಬಾರದು. ಮಂಡಲಗಳ ಪ್ರಧಾನರಲ್ಲಿ ಹೆಚ್ಚಿನವರು ಜಮೀನುಳ್ಳ ಪ್ರಬಲರೇ ಆದರು. ಅನೇಕ ಕಡೆ ಸದಸ್ಯೆಯ ಬದಲು ಅವಳ ಗಂಡನೇ ಮಾತನಾಡಿದನು. ತಾಲ್ಲೂಕು ಸಮಿತಿಗಳಿಗೆ ಹೇಳಿಕೊಳ್ಳುವಂತಹ ಬಲವಿರಲಿಲ್ಲ. ಕೊಳವೆಬಾವಿಯ ಕಥೆಯೂ ಹಾಗೆಯೇ. ಕುಡಿಯುವ ನೀರಿಗಾಗಿ ಬಂದ ವಿದ್ಯೆಯನ್ನು ನಾವು ತೋಟಕ್ಕೆ ತಿರುಗಿಸಿದೆವು. ಕೊಬ್ಬರಿಗೆ ಹೆಸರಾದ ಈ ಮೂರು ತಾಲ್ಲೂಕುಗಳಲ್ಲಿ ಒಬ್ಬನಿಗಿಂತ ಒಬ್ಬನು ಆಳಕ್ಕೆ ಕೊರೆದು ಅಂತರ್ಜಲವನ್ನು ಪಾತಾಳಕ್ಕೆ ಅಟ್ಟಿದ್ದೇವೆ. ಕೇರಿಯ ಅಂಚಿನ ನಮ್ಮ ಪಂಪು ಒಣಗಿ ಎಷ್ಟೋ ವರ್ಷಗಳಾದುವು. ಆದರೆ ಇದು ನಜೀರ್ ಸಾಬರ ತಪ್ಪಲ್ಲ. ಅವರು ಕೊಟ್ಟ ಕುರ್ಚಿಯಲ್ಲಿ ಕುಳಿತು, ಯಾರು ಎಷ್ಟು ಕೊರೆಯಬೇಕು, ಕೆರೆಯ ಹೂಳನ್ನು ಯಾವಾಗ ಎತ್ತಬೇಕು ಎಂದು ನಾವೇ ಕೇಳಿಕೊಳ್ಳಬೇಕಾಗಿತ್ತು.

ತಾವು ನೆಟ್ಟ ಗಿಡ ಫಲ ಕೊಡುವ ಮುನ್ನವೇ, 1988ರಲ್ಲಿ, ನಜೀರ್ ಸಾಬರು ಕ್ಯಾನ್ಸರಿಗೆ ತುತ್ತಾಗಿ ತೀರಿಕೊಂಡರು. ಮೊದಲ ಪರಿಷತ್ತುಗಳ ಅವಧಿ 1992ರಲ್ಲಿ ಮುಗಿದಾಗ ಕೂಡಲೇ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಆದರೂ ಬೀಜ ಸಾಯಲಿಲ್ಲ. ಕರ್ನಾಟಕ, ಪಶ್ಚಿಮ ಬಂಗಾಳ ಮೊದಲಾದ ರಾಜ್ಯಗಳ ಅನುಭವವನ್ನು ಕಂಡ ಪಾರ್ಲಿಮೆಂಟು 1992ರಲ್ಲಿ ಸಂವಿಧಾನಕ್ಕೆ 73ನೆಯ ತಿದ್ದುಪಡಿಯನ್ನು ಅಂಗೀಕರಿಸಿತು. ಅದು 1993ರಲ್ಲಿ ಜಾರಿಗೆ ಬಂದಿತು. ಐದು ವರ್ಷಕ್ಕೊಮ್ಮೆ ಪಂಚಾಯಿತಿಯ ಚುನಾವಣೆ ದೇಶದ ಬಹುಭಾಗಕ್ಕೆ ಕಡ್ಡಾಯವಾಯಿತು. ನಗರಸಭೆ, ಪುರಸಭೆಗಳಿಗೂ 74ನೆಯ ತಿದ್ದುಪಡಿಯಿಂದ ಅದೇ ರಕ್ಷಣೆ ಬಂದಿತು. ಹೆಂಗಸರ ಕಾಲುಭಾಗ ಮೂರರಲ್ಲೊಂದಾಗಿ, ಮುಂದೆ ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧವಾಯಿತು.

ಆದರೂ ಕಾನೂನು ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲ. ಕರ್ನಾಟಕದಲ್ಲಿ 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಳು ಉರುಳಿದರೂ ಚುನಾವಣೆ ನಡೆಯಲಿಲ್ಲ. ಜನಪ್ರತಿನಿಧಿಗಳ ಕುರ್ಚಿಗಳು ಬರಿದಾಗಿಯೇ ಉಳಿದುವು. ಅದನ್ನು ಕಂಡು ಊರೂರಲ್ಲಿ ಕೂಗೆದ್ದಿತೆ? ನಮ್ಮ ಕಾಲೇಜಿನ ಅಂಗಳದಲ್ಲಿ ಒಂದು ದಿನವಾದರೂ ಅದು ಚರ್ಚೆಯಾಯಿತೆ? ನಲ್ಲಿಯಲ್ಲಿ ನೀರು ನಿಂತರೆ ಬೀದಿಗೆ ಇಳಿಯುವ ನಾವು, ಸಭೆಯೇ ನಿಂತುಹೋದಾಗ ಸುಮ್ಮನಿರುತ್ತೇವೆ.

ಮೈಸೂರಿನಲ್ಲಿ ನಜೀರ್ ಸಾಬರ ಹೆಸರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಯೊಂದಿದೆ. ಪಂಚಾಯಿತಿಯ ಸದಸ್ಯರಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ಸ್ಮಾರಕವೆಂದರೆ ಅದು ಸೊಗಸಾದ ಸ್ಮಾರಕವೇ ಸರಿ. ಆದರೆ ಪದವಿ ಪಡೆದು ಹೊರಡಲಿರುವ ನಮ್ಮಂತಹವರು ಕಟ್ಟಬಹುದಾದ ಸ್ಮಾರಕ ಬೇರೆಯಿದೆ. ನಮ್ಮಲ್ಲಿ ಹಲವರು ಕೆಲಸ ಹುಡುಕಿ ಬೆಂಗಳೂರಿನ ರೈಲು ಹತ್ತುವೆವು, ಅದು ತಪ್ಪಲ್ಲ. ಊರಿನಲ್ಲಿ ಉಳಿಯುವವರು ಗ್ರಾಮಸಭೆಯ ದಿನ ಹಿಂದಿನ ಸಾಲಿನಲ್ಲಾದರೂ ಹೋಗಿ ಕುಳಿತು ಲೆಕ್ಕ ಕೇಳಲಿ. ಹೊರಗೆ ಹೋದವರು ಮತದ ದಿನವಾದರೂ ಊರಿಗೆ ಬರಲಿ. ಓದುಬರಹ ತಿಳಿಯದ ಹಿರಿಯರೇ ಆ ಕುರ್ಚಿಯ ಮಾನವನ್ನು ಕಾಪಾಡಿದರು. ಓದಿದವರಾದ ನಾವು ಅಷ್ಟನ್ನಾದರೂ ಮಾಡದಿದ್ದರೆ ನಮ್ಮ ಓದಿಗೆ ಅರ್ಥವೇನು?