ರೈತ ಬ್ಯಾಡ ಅಂದ ರಂಟಿ

ನಮ್ಮ ಹಿಪ್ಪರಗಿಯಲ್ಲಿ ಕಿರ್ಲೋಸ್ಕರ್ ಅಂದರೆ ಮನುಷ್ಯನ ಹೆಸರಲ್ಲ, ಸಾಮಾನಿನ ಹೆಸರು. ಕೃಷ್ಣಾ ನದಿ ದಂಡೆಯಲ್ಲಿ ಸಾಲಾಗಿ ಕೂತ ಪಂಪ್‌ಸೆಟ್‌ಗಳು ಯಾವ ಕಂಪನಿಯವೇ ಇರಲಿ, ಹಳೆ ಮಂದಿಗೆ ಅವೆಲ್ಲ ಕಿರ್ಲೋಸ್ಕರ್ ಇಂಜಿನ್ನೇ. ಒಬ್ಬ ಮನುಷ್ಯನ ಹೆಸರು ಹೀಗೆ ವಸ್ತುವಿಗೆ ಅಂಟಿಕೊಂಡರೆ ಮನುಷ್ಯ ಮರೆತುಹೋಗುತ್ತಾನೆ. ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಅವರಿಗೂ ಹಾಗೇ ಆಗಿದೆ. ನೆನಪಿಟ್ಟವರು ಕೂಡ ಉದ್ಯಮಪತಿ, ಸ್ವದೇಶಿ ಹರಿಕಾರ ಅಂತ ಹಾರ ಹಾಕಿ ಗೋಡೆಗೆ ನೇತುಹಾಕಿದ್ದಾರೆ. ನನಗೆ ಆ ಫೋಟೋದಲ್ಲಿ ಆಸಕ್ತಿ ಕಡಿಮೆ. ಒಂದು ರಂಟಿ, ಅಂದರೆ ನೇಗಿಲು, ಅದನ್ನು ಯಾರೂ ಕೊಳ್ಳದೆ ಬಿದ್ದಿದ್ದ ಎರಡು ವರ್ಷದಲ್ಲಿ ಅವರು ಏನು ಮಾಡಿದರು ಅನ್ನೋದೇ ನನ್ನ ವಿಷಯ.

ಅವರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ನಮ್ಮಿಂದ ಬಹಳ ದೂರದ ಊರೇನಲ್ಲ. ಮರಾಠಿ ಸಂಗೀತ ನಾಟಕದ ಅಣ್ಣಾಸಾಹೇಬ ಕಿರ್ಲೋಸ್ಕರ್ ಕೂಡ ಅದೇ ಊರಿನವರು, ಅದೇ ಮನೆತನದವರು. ಹುಡುಗ ಲಕ್ಷ್ಮಣನಿಗೆ ಓದಿನಲ್ಲಿ ಮನಸ್ಸಿಲ್ಲ, ಚಿತ್ರ ಬಿಡಿಸುವುದರಲ್ಲಿ ಮತ್ತು ಯಂತ್ರಗಳಲ್ಲಿ ಮಾತ್ರ ಜೀವ. ತಂದೆಗೆ ಇದು ಹಿಡಿಸಲಿಲ್ಲ. ಅಣ್ಣ ರಾಮುಅಣ್ಣ ಬೆನ್ನಿಗೆ ನಿಂತರು. 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಗೊತ್ತಾಯಿತು, ಕಣ್ಣಿಗೆ ಕೆಲವು ಬಣ್ಣಗಳ ವ್ಯತ್ಯಾಸವೇ ಕಾಣುವುದಿಲ್ಲ. ಚಿತ್ರಕಾರನಾಗುವ ಆಸೆ ಅಲ್ಲಿಗೆ ಮುಗಿಯಿತು. ಆದರೆ ಯಂತ್ರದ ನಕ್ಷೆ ಬರೆಯಲು ಬಣ್ಣ ಬೇಕಾಗಿಲ್ಲವಲ್ಲ! ಆ ಒಂದು ವಿದ್ಯೆ ಹಿಡಿದುಕೊಂಡು ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಯಂತ್ರ ನಕ್ಷೆ ಕಲಿಸುವ ಸಹಾಯಕ ಮಾಸ್ತರರಾದರು. ಇಂಜಿನಿಯರಿಂಗ್ ಡಿಗ್ರಿ ಅವರ ಹತ್ತಿರ ಆಗಲೂ ಇರಲಿಲ್ಲ, ಆಮೇಲೂ ಬರಲಿಲ್ಲ.

ಮುಂಬಯಿಯಲ್ಲಿ ಸೈಕಲ್ ಕಂಡರು. ಕಂಡು ಸುಮ್ಮನಿರಲಿಲ್ಲ. 1888ರಲ್ಲಿ ಅಣ್ಣತಮ್ಮ ಸೇರಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆಗೆದರು, ಹೆಸರು ಕಿರ್ಲೋಸ್ಕರ್ ಬ್ರದರ್ಸ್. ತಮ್ಮ ಮುಂಬಯಿಯಲ್ಲಿ ಕೊಂಡು ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು. ಒಂದು ಸೈಕಲ್ಲಿಗೆ 700ರಿಂದ 1,000 ರೂಪಾಯಿ. ಹೊಡೆಯಲು ಕಲಿಸುವುದಕ್ಕೆ ಬೇರೆ 15 ರೂಪಾಯಿ. ಆ ಕಾಲದ 700 ರೂಪಾಯಿ! ಗಿರಾಕಿಗಳು ಯಾರಿರಬಹುದು ಅಂತ ನೀವೇ ಊಹಿಸಿ. ಸಾಹೇಬರು, ವಕೀಲರು, ಡಾಕ್ಟರುಗಳು. ಅಲ್ಲಿಯೇ ನಿಂತಿದ್ದರೆ ಲಕ್ಷ್ಮಣರಾಯರು ಶ್ರೀಮಂತರ ಆಟಿಕೆ ಮಾರುವ ಅಂಗಡಿಕಾರರಾಗಿ ಉಳಿಯುತ್ತಿದ್ದರು.

ಹಾಗಾಗದೇ ಇರಲು ಒಂದು ಅವಮಾನ ಕಾರಣವಾಯಿತು. ಸಂಸ್ಥೆಯಲ್ಲಿ ಅವರಿಗೆ ಸಿಗಬೇಕಿದ್ದ ಬಡ್ತಿಯನ್ನು ಒಬ್ಬ ಆಂಗ್ಲೋ ಇಂಡಿಯನ್‌ಗೆ ಕೊಟ್ಟರು. ವಸಾಹತು ಸರ್ಕಾರದ ದಿನಗಳಲ್ಲಿ ಇದು ಆಶ್ಚರ್ಯದ ಸಂಗತಿ ಅಲ್ಲ, ಮಾಮೂಲು. ಬಹಳ ಜನ ನುಂಗಿಕೊಂಡು ಕೆಲಸ ಮುಂದುವರಿಸುತ್ತಿದ್ದರು. ಇವರು 1897ರಲ್ಲಿ ರಾಜೀನಾಮೆ ಬಿಸಾಕಿ ಬೆಳಗಾವಿಗೆ ಬಂದುಬಿಟ್ಟರು.

ಬಂದ ಮೇಲೆ ಗಾಳಿಯಿಂದ ನೀರೆತ್ತುವ ವಿದೇಶಿ ಯಂತ್ರದ ಏಜೆನ್ಸಿ ಹಿಡಿದರು. ಸ್ವಂತದ್ದು ಅಂತ ಮೊದಲು ಮಾಡಿದ ಸಾಮಾನು ಮೇವು ಕತ್ತರಿಸುವ ಯಂತ್ರ. ಈ ಯಂತ್ರದ ಬಗ್ಗೆ ಯಾರೂ ಹೆಚ್ಚು ಬರೆದಿಲ್ಲ. ಬರೆಯೋರಿಗೆಲ್ಲ ರಂಟಿನೇ ದೊಡ್ಡದು. ಆದರೆ ನಮ್ ಕಡೆ ದನಕ್ಕೆ ಕಣಿಕಿ ಹಾಕುವುದು ಹೆಚ್ಚಾಗಿ ಹೆಣ್ಣುಮಕ್ಕಳ ಕೆಲಸ. ಇಡೀ ಕಣಿಕಿ ಹಾಕಿದರೆ ಎತ್ತು, ಎಮ್ಮೆ ಎಲೆ ಎಲೆ ತಿಂದು ದಂಟು ತುಳಿದು ಬಿಡುತ್ತವೆ. ಸಣ್ಣಗೆ ಕತ್ತರಿಸಿ ಹಾಕಿದರೆ ಅದೇ ಬಣವಿ ಇನ್ನಷ್ಟು ದಿನ ಬರುತ್ತದೆ. ಬರಗಾಲದ ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಚಕ್ರಕ್ಕೆ ಕಟ್ಟಿದ ಅಲಗು, ತಿರುಗಿಸಲು ಒಂದು ಹಿಡಿಕೆ, ಅಷ್ಟೇ ಯಂತ್ರ. ಅಡುಗೆಮನೆ, ಕೊಟ್ಟಿಗೆ, ಹೊಲ ಮೂರನ್ನೂ ನೋಡಿಕೊಳ್ಳುವ ಹೆಂಗಸಿನ ತಾಸುಗಟ್ಟಲೆ ದುಡಿಮೆ ಉಳಿಸಿದ ಯಂತ್ರವಿದು. ಇದಕ್ಕೆ ಮೋಟರು ಕೂಡಿಸಿದ ಮೇಲೆ ಬೆರಳು ಕಳಕೊಂಡವರನ್ನೂ ನಾನು ಕಂಡಿದ್ದೇನೆ. ಶಕ್ತಿ ಹೆಚ್ಚಿಸಿದವರು ಕೈಗೆ ಅಡ್ಡ ಒಂದು ತಗಡು ಇಡುವುದನ್ನು ಮರೆತರು. ಅದು ಬೇರೆ ಲೇಖನ.

ರಂಟಿ ಬಂದದ್ದು 1903ರಲ್ಲಿ. ಮರದ ರಂಟಿಗೂ ಕಬ್ಬಿಣದ್ದಕ್ಕೂ ಇರುವ ವ್ಯತ್ಯಾಸ ಹೊಲ ಮುಟ್ಟದವರಿಗಾಗಿ ಹೇಳಬೇಕು. ಮರದ್ದು ನೆಲವನ್ನು ಸೀಳುತ್ತದೆ, ಮಗುಚುವುದಿಲ್ಲ. ಕಬ್ಬಿಣದ ರಂಟಿಗೆ ಬಾಗಿದ ಒಂದು ರೆಕ್ಕೆ ಇರುತ್ತದೆ. ಅದು ಮಣ್ಣನ್ನು ಎತ್ತಿ ಪಕ್ಕಕ್ಕೆ ಹೊರಳಿಸಿ ಹಾಕುತ್ತದೆ. ನಮ್ಮ ಎರಿ ಹೊಲದಲ್ಲಿ ಕರಕಿ ಹುಲ್ಲು ಆಳಕ್ಕೆ ಬೇರು ಬಿಟ್ಟು ಕೂತಿರುತ್ತದೆ. ಮೇಲೆ ಮೇಲೆ ಕೆರೆದರೆ ಅದಕ್ಕೆ ಇನ್ನಷ್ಟು ಹುರುಪು. ಆಳಕ್ಕೆ ಮಗುಚಿ ಬೇರನ್ನು ಬಿಸಿಲಿಗೆ ಒಡ್ಡಿದರೆ ಮಾತ್ರ ಸಾಯುತ್ತದೆ. ಇಷ್ಟು ಪ್ರಯೋಜನ ಕಣ್ಣಿಗೆ ಕಾಣುತ್ತಿದ್ದರೂ ಎರಡು ವರ್ಷ ರಂಟಿ ಮಾರಾಟ ಆಗಲಿಲ್ಲ. ಕಬ್ಬಿಣ ತಾಕಿದರೆ ಭೂಮಿಗೆ ವಿಷ ಏರುತ್ತದೆ ಅನ್ನುವ ನಂಬಿಕೆ ಅಡ್ಡ ಬಂತು ಅಂತ ಎಲ್ಲ ಜೀವನಚರಿತ್ರೆಗಳೂ ಹೇಳುತ್ತವೆ. ಹೇಳಿ, ಮೂಢ ರೈತ, ಜಾಣ ಉದ್ಯಮಿ ಅಂತ ಕಥೆ ಮುಗಿಸುತ್ತವೆ.

ನಾನು ಈ ಕಥೆಯನ್ನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಮರದ ರಂಟಿಯ ತುದಿಗೂ ಕಬ್ಬಿಣದ ಕುಳ ಇದ್ದೇ ಇತ್ತು. ಕಬ್ಬಿಣ ನಮ್ಮ ನೆಲಕ್ಕೆ ಹೊಸದಲ್ಲ. ಹೊಸದು ಬೇರೆ ಇತ್ತು. ಮರದ ರಂಟಿ ಮುರಿದರೆ ಊರ ಬಡಿಗೇರ ಇದ್ದ, ಕುಳ ಸವೆದರೆ ಕಮ್ಮಾರ ಇದ್ದ. ಸುಗ್ಗಿಯಲ್ಲಿ ಆಯ ಕೊಟ್ಟರೆ ವರ್ಷದ ರಿಪೇರಿ ಮುಗಿಯಿತು, ಕೈಯಿಂದ ರೊಕ್ಕ ಬಿಚ್ಚುವ ಮಾತಿಲ್ಲ. ಈ ಹೊಸ ರಂಟಿಗೆ ರೊಕ್ಕ ಎಣಿಸಿ ಕೊಡಬೇಕು. ಮುರಿದರೆ ಬೆಳಗಾವಿಗೆ ಹೋಗಬೇಕು. ಭಾರ ಜಾಸ್ತಿ, ಎರಿ ಹೊಲದಲ್ಲಿ ಆಳಕ್ಕೆ ಎಳೆಯಲು ಒಂದು ಜೋಡಿ ಎತ್ತು ಸಾಲದು. ಹದ ಬಂದ ನಾಲ್ಕು ದಿನದಲ್ಲಿ ರಂಟಿ ಕೆಟ್ಟು ಕೂತರೆ ಆ ವರ್ಷದ ಹೊಟ್ಟೆ ಯಾರು ನೋಡುತ್ತಾರೆ? ಈ ಲೆಕ್ಕವನ್ನೆಲ್ಲ ರೈತ ಒಂದೇ ಮಾತಿನಲ್ಲಿ ವಿಷ ಅಂದಿರಬಹುದು.

ಲಕ್ಷ್ಮಣರಾಯರ ದೊಡ್ಡತನ ಇರುವುದು ಇಲ್ಲಿ. ಮೊದಲ ಗಿರಾಕಿ ಸಿಕ್ಕ ಮೇಲೂ ದೂರು ಬಂದವು, ಕುಳ ಬೇಗ ಸವೆಯುತ್ತದೆ ಅಂತ. ಅವರು ರೈತನಿಗೆ ಬುದ್ಧಿ ಹೇಳಲು ಹೋಗಲಿಲ್ಲ, ಲೋಹವನ್ನು ತಿದ್ದಿದರು. ಎರಕದ ಗುಣಮಟ್ಟ ಸುಧಾರಿಸಿ ಕುಳ ಗಟ್ಟಿ ಮಾಡಿದರು. ಇಂಥ ರಂಟಿಯಲ್ಲಿ ಸವೆದ ಕುಳ ಬಿಚ್ಚಿ ಬೇರೆ ಕೂಡಿಸಬಹುದು, ಇಡೀ ರಂಟಿ ಎಸೆಯಬೇಕಾಗಿಲ್ಲ. ವಿದೇಶಿ ಮಾದರಿ ನೋಡಿಯೇ ಮಾಡಿದ್ದರೂ ಕಡೆಗೆ ಅದು ನಿಂತದ್ದು ಈ ನೆಲದ ದೂರುಗಳ ಮೇಲೆ. ಉತ್ಪನ್ನ ವಿನ್ಯಾಸ ಅಂತ ಇವತ್ತು ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಲಕ್ಷಗಟ್ಟಲೆ ಫೀ ತಗೊಂಡು ಕಲಿಸುವುದರ ತಿರುಳು ಇದೇ ಇರಬೇಕು.

ಈಗಿನದ್ದನ್ನು ಪಕ್ಕದಲ್ಲಿಟ್ಟು ನೋಡಿ. ನಮ್ಮೂರಲ್ಲಿ ಬ್ಯಾಟರಿ ಔಷಧಿ ಪಂಪು ಕೆಟ್ಟರೆ ಬಿಡಿಭಾಗ ಸಿಗುವುದಿಲ್ಲ, ಹೊಸದು ತಗೋರಿ ಅನ್ನುತ್ತಾನೆ ಅಂಗಡಿಯವ. 2023ರಲ್ಲಿ ಕೇಂದ್ರ ಸರ್ಕಾರ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆ ಘೋಷಿಸಿತು, 8 ಲಕ್ಷ ರೂಪಾಯಿವರೆಗೆ ಸಹಾಯಧನ. ಚಲೋ ಆಯಿತು. ಕೆಟ್ಟರೆ ಬಿಚ್ಚುವವರು ಯಾರು, ತಾಲ್ಲೂಕಿನಲ್ಲಿ ಎಷ್ಟು ಜನ ಇದ್ದಾರೆ ಅನ್ನುವ ಪ್ರಶ್ನೆ ಉದ್ಘಾಟನೆಯ ದಿನ ಯಾರೂ ಕೇಳಲ್ಲ. ರಿಪೇರಿ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡಿತು. ಗುರುತಿಸಿದ ವಲಯಗಳಲ್ಲಿ ಕೃಷಿ ಉಪಕರಣವೂ ಇತ್ತು. ಆಮೇಲೂ ನಮಗೆ ಸಿಕ್ಕದ್ದು ಕಡ್ಡಾಯ ಕಾನೂನಲ್ಲ, ಒಂದು ವೆಬ್ ಪೋರ್ಟಲ್. ಕೊಳ್ಳದ ರೈತನಿಗೆ ಅರಿವಿನ ಕೊರತೆ ಅಂತ ಹಣೆಪಟ್ಟಿ ಹಚ್ಚುವುದು ಮಾತ್ರ 1903ರಿಂದ ಬದಲಾಗಿಲ್ಲ.

ಹಾಗಂತ ಲಕ್ಷ್ಮಣರಾಯರನ್ನು ದೇವರು ಮಾಡುವುದು ಬೇಡ. ಕಬ್ಬಿಣದ ರಂಟಿ ಎಲ್ಲರ ಹೊಲಕ್ಕೂ ಒಂದೇ ಸಮ ಇಳಿಯಲಿಲ್ಲ. ನಾಲ್ಕಾರು ಎತ್ತು ಹೂಡುವ ತಾಕತ್ತಿದ್ದವನಿಗೆ ಅದು ಮೊದಲು ದಕ್ಕಿತು. ಒಂಟೆತ್ತಿನ ರೈತ ಬಾಡಿಗೆಗೆ ಕೇಳಬೇಕಾಯಿತು. ಬಡಿಗೇರ, ಕಮ್ಮಾರರ ಕೈಕೆಲಸ ಕಾರ್ಖಾನೆಗೆ ಜಾರಿತು. ಆಮೇಲೆ ಪಂಪು ಬಂದಾಗಲೂ ಅದೇ ಆಯಿತು. ನದಿ ದಂಡೆಯಲ್ಲಿ ಹೊಲ ಇದ್ದವನು ಕಬ್ಬು ಬೆಳೆದ, ದಿನ್ನೆ ಮೇಲಿನವನು ಮಳೆ ನೋಡುತ್ತ ಕೂತ. ಜಾಣ ವಿನ್ಯಾಸ ಭೂಮಿ ಹಂಚಿಕೆಯ ಅನ್ಯಾಯವನ್ನು ಸರಿ ಮಾಡುವುದಿಲ್ಲ.

ಬೆಳಗಾವಿ ಅವರನ್ನು ಉಳಿಸಿಕೊಳ್ಳಲಿಲ್ಲ. ಕಾರ್ಖಾನೆ ನಿಂತಿದ್ದ ಜಾಗ ಹೊಸ ಬಡಾವಣೆಗೆ ಬೇಕು, ಖಾಲಿ ಮಾಡಿ ಅಂತ ಪುರಸಭೆ ಹೇಳಿತು. ಆಗ ಔಂಧ ಸಂಸ್ಥಾನದಲ್ಲಿ ಒಂದು ಕಟ್ಟಡದ ಕೆಲಸ ಹಿಡಿದಿದ್ದರು. ಅಲ್ಲಿಯ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ ಕುಂಡಲ್ ರೋಡ್ ರೈಲು ನಿಲ್ದಾಣದ ಪಕ್ಕ 32 ಎಕರೆ ಬಂಜರು ಕೊಟ್ಟರು, ಬಡ್ಡಿಯಿಲ್ಲದ ಸಾಲವನ್ನೂ ಕೊಟ್ಟರು. ಔಂಧ ಪುಟ್ಟ ಸಂಸ್ಥಾನ, ಅಲ್ಲಲ್ಲಿ ಚೂರು ಚೂರಾಗಿ ಹರಡಿತ್ತು. ಈಗಿನ ವಿಜಯಪುರ ಜಿಲ್ಲೆಯ ಗುಣದಾಳವೂ ಅದರದ್ದೇ ಒಂದು ಚೂರು. 1910ರ ಮಾರ್ಚ್‌ನಲ್ಲಿ ಕೆಲಸಗಾರರ ಕುಟುಂಬಗಳ ಸಮೇತ ಅಲ್ಲಿಗೆ ಹೋದಾಗ ಇದ್ದದ್ದು ಪಾಪಾಸುಕಳ್ಳಿ ಮತ್ತು ನಾಗರಹಾವು. ಅದೇ ಕಿರ್ಲೋಸ್ಕರವಾಡಿ ಆಯಿತು.

ಊರು ಕಟ್ಟುವ ಹೊಣೆ ರಾಮುಅಣ್ಣ ಹೊತ್ತರು. ಕಾರ್ಖಾನೆಯ ವಸತಿಯಲ್ಲಿ ಅಸ್ಪೃಶ್ಯತೆ ಆಚರಿಸುವಂತಿಲ್ಲ ಅಂತ ನಿಯಮ ಮಾಡಿದರು. ಜೈಲು ಕಂಡು ಬಂದವರನ್ನು ರಾತ್ರಿ ಕಾವಲಿಗೆ ಇಟ್ಟುಕೊಂಡರು. ಇಡೀ ಇಡೀ ಸಮುದಾಯಗಳಿಗೆ ಕಳ್ಳರು ಅಂತ ಬ್ರಿಟಿಷ್ ಕಾನೂನು ಮುದ್ರೆ ಒತ್ತುತ್ತಿದ್ದ ಕಾಲ ಅದು. ಬ್ರಾಹ್ಮಣ ಮಾಲೀಕನೊಬ್ಬ ಬೀಗದ ಕೈಯನ್ನು ಅಂಥವರ ಕೈಗೆ ಕೊಟ್ಟದ್ದು ದಾನ ಅಲ್ಲ, ರಾಜಕೀಯ.

ಮೊದಲ ಮಹಾಯುದ್ಧ ಬಂದಾಗ ಹೊರಗಿನಿಂದ ಕಬ್ಬಿಣ ಬರುವುದು ನಿಂತಿತು. ಕೊಲ್ಹಾಪುರದ ಶಾಹು ಮಹಾರಾಜರು ಹಳೆಯ ತೋಪುಗಳನ್ನು ಕರಗಿಸಲು ಕೊಟ್ಟರು. ಕೋಟೆಯ ತೋಪು ಹೊಲದ ರಂಟಿಯಾಯಿತು. ಯುದ್ಧ ಮುಗಿದ ಮೇಲೆ 1920ರಲ್ಲಿ ಅಂಗಡಿ ಲಿಮಿಟೆಡ್ ಕಂಪನಿಯಾಯಿತು. ಸೇಂಗಾ ಒಡೆಯುವ ಯಂತ್ರ, ಕಬ್ಬಿನ ಗಾಣ, ಪಂಪು, ಇಂಜಿನ್, ಕಬ್ಬಿಣದ ಪೀಠೋಪಕರಣ ಎಲ್ಲವೂ ಬಂದವು. ಗಾಣದ ಮಾತು ಬಂದರೆ ಮಹಾಲಿಂಗಪುರ, ಮುಧೋಳದ ಬೆಲ್ಲದ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಓದಿ ಬಂದರು. ಮುಂದೆ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್, ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಎದ್ದವು. ಅದು ಮುಂದಿನ ತಲೆಮಾರಿನ ಕಥೆ, ಅದರಲ್ಲಿ ಲಾಭ ನಷ್ಟದ ಪಟ್ಟಿಯೇ ಹೆಚ್ಚು.

1948ರಲ್ಲಿ ಗಾಂಧೀಜಿ ಹತ್ಯೆಯಾಯಿತು. ಕೊಂದವನು ಬ್ರಾಹ್ಮಣ ಅನ್ನುವ ಸುದ್ದಿ ಹಬ್ಬುತ್ತಿದ್ದಂತೆ ದಕ್ಷಿಣ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ಮನೆಗಳಿಗೆ ಬೆಂಕಿ ಬಿತ್ತು. ಗುಂಪು ಕಿರ್ಲೋಸ್ಕರವಾಡಿಗೂ ನುಗ್ಗಿ ಕಾರ್ಖಾನೆ ಸುಟ್ಟಿತು. ಅಸ್ಪೃಶ್ಯತೆ ಬೇಡ ಅಂದ ಊರೇ ಜಾತಿಯ ಸಿಟ್ಟಿಗೆ ಉರಿಯಿತು. ಲಕ್ಷ್ಮಣರಾಯರಿಗೆ ಆಗ 78. ಕಾರ್ಖಾನೆಯನ್ನು ಮತ್ತೆ ಕಟ್ಟಿದರು.

ಅವರು ತೀರಿಕೊಂಡದ್ದು 1956ರ ಸೆಪ್ಟೆಂಬರ್ 26ರಂದು. ಸರಿಯಾಗಿ 36 ದಿನಕ್ಕೆ, ನವೆಂಬರ್ 1ರಂದು, ಭಾಷಾವಾರು ಗೆರೆ ಬಿತ್ತು. ಹುಟ್ಟಿದ ಗುರ್ಲಹೊಸೂರು, ಅಂಗಡಿ ತೆಗೆದ ಬೆಳಗಾವಿ ಈ ಕಡೆ ಬಂದವು, ಕಿರ್ಲೋಸ್ಕರವಾಡಿ ಆ ಕಡೆ ಉಳಿಯಿತು. ಬೆಳಗಾವಿಗಾಗಿ ಎರಡೂ ಕಡೆಯವರು ಇವತ್ತಿಗೂ ಬಸ್ಸಿಗೆ ಮಸಿ ಬಳಿಯುತ್ತಾರೆ. ಅದೇ ಬೆಳಗಾವಿಯಿಂದ ಈ ಕಾರ್ಖಾನೆಯನ್ನು ಎಬ್ಬಿಸಿ ಕಳಿಸಿದ್ದು ಮರಾಠಿಗರೋ ಕನ್ನಡಿಗರೋ ಅಂತ ಯಾರೂ ಜಗಳ ಆಡಿದ್ದು ನಾನಂತೂ ಕೇಳಿಲ್ಲ. ಊರಿನಲ್ಲಿ ಕಿರ್ಲೋಸ್ಕರ್ ರಸ್ತೆ ಅಂತ ಒಂದು ರಸ್ತೆ ಇದೆ.